ಬಾಯಿಯ ದುರ್ವಾಸನೆ ಮತ್ತು ಪಕ್ಕದಲ್ಲಿ ನಿಂತವನ ಹಕ್ಕು

ಮಳೆಗಾಲದಲ್ಲಿ ಮುಂಡಾಜೆಯ ಕಡೆ ಜುಮಾ ನಮಾಝಿಗೆ ನಿಂತವರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಉಜಿರೆ ದಾಟಿ ಚಾರ್ಮಾಡಿ ಘಾಟಿಯತ್ತ ಹೋಗುವ ರಸ್ತೆಯಲ್ಲಿರುವ ಈ ಊರಿಗೆ ಮಳೆ ಹಿಡಿಯಿತೆಂದರೆ ಮಸೀದಿಯ ಕಿಟಕಿಗಳನ್ನು ಮುಚ್ಚಲೇಬೇಕು. ಕರೆಂಟು ಇದ್ದರೆ ಫ್ಯಾನ್ ತಿರುಗುತ್ತದೆ, ಇಲ್ಲದಿದ್ದರೆ ಇಲ್ಲ. ಒದ್ದೆ ಬಟ್ಟೆಯವರು, ತೋಟದಿಂದ ನೇರವಾಗಿ ಬಂದವರು, ಅಂಗಡಿ ಮುಚ್ಚಿ ಓಡಿ ಬಂದವರು ಎಲ್ಲರೂ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಸಫ್‌ಗಳ ನಡುವೆ ಅಂತರ ಬಿಡಬಾರದೆಂಬುದು ಪ್ರವಾದಿವರ್ಯರ(ಸ) ಶಿಕ್ಷಣ. ಹಾಗೆ ಒತ್ತಾಗಿ ನಿಂತಾಗ ಒಬ್ಬನ ಉಸಿರು ಇನ್ನೊಬ್ಬನ ಮುಖಕ್ಕೆ ತಾಗುತ್ತದೆ. ಸುಜೂದ್‌ನಿಂದ ಎದ್ದು ಕುಳಿತವನು ಅತ್ತಹಿಯ್ಯಾತ್ ಓದುವಾಗ ಪಕ್ಕದವನು ಏನು ಉಂಡು ಬಂದಿದ್ದಾನೆ, ಏನು ಜಗಿದು ಬಂದಿದ್ದಾನೆ ಎಂಬುದೆಲ್ಲಾ ತಿಳಿದುಬಿಡುತ್ತದೆ.

ಆ ಊರಿನ ಕಡೆ ನಾನು ಕೆಲವು ಕಾಲ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದೆ. ಅಲ್ಲಿ ಒಬ್ಬ ಹಿರಿಯರಿದ್ದರು. ಅಡಿಕೆ ಸುಲಿಯುವುದು ಅವರ ಕೆಲಸ. ಎಲ್ಲರೂ ಅವರನ್ನು ಕಾಕ ಎಂದು ಕರೆಯುತ್ತಿದ್ದರು. ಐದು ಹೊತ್ತಿನ ನಮಾಝಿಗೂ ತಪ್ಪದೆ ಬರುತ್ತಿದ್ದ ಅವರು ಸದಾ ಕೊನೆಯ ಸಫ್‌ನ ಮೂಲೆಯಲ್ಲಿ, ಕಿಟಕಿಯ ಪಕ್ಕದಲ್ಲೇ ನಿಲ್ಲುತ್ತಿದ್ದರು. ಮುಂದಿನ ಸಫ್‌ನಲ್ಲಿ ಜಾಗವಿದ್ದರೂ ಬರುತ್ತಿರಲಿಲ್ಲ. ಅವರ ವಿನಯವೇ ಇದಕ್ಕೆ ಕಾರಣವೆಂದು ಹೊಸಬರು ತಿಳಿಯುತ್ತಿದ್ದರು. ನಿಜ ಸಂಗತಿ ಬೇರೆ. ಹಿಂದೊಮ್ಮೆ ಅವರ ಪಕ್ಕದಲ್ಲಿ ನಿಂತಿದ್ದ ಯುವಕನೊಬ್ಬ ಹೆಗಲ ಶಾಲನ್ನು ಮೂಗಿಗೆ ಎಳೆದುಕೊಂಡಿದ್ದ. ಕಾಕ ಅದನ್ನು ನೋಡಿದ್ದರು. ಆದರೆ ಅವನಿಗೆ ತನ್ನ ಬೆವರು ಹಿಡಿಸಲಿಲ್ಲವೆಂದು ಭಾವಿಸಿದ್ದರು. ಅಂದಿನಿಂದ ಅಂಗಿ ಬದಲಾಯಿಸಿ ಬರುತ್ತಿದ್ದರು, ಅತ್ತರು ಹಚ್ಚಿಕೊಂಡು ಬರುತ್ತಿದ್ದರು, ಮೂಲೆಯಲ್ಲೇ ನಿಲ್ಲುತ್ತಿದ್ದರು. ವಾಸನೆ ಬರುತ್ತಿದ್ದುದು ಬಾಯಿಯಿಂದ.

ಅದು ನನಗೆ ಗೊತ್ತಿತ್ತು. ಮಸೀದಿಯ ಕಮಿಟಿಯವರಿಗೂ ಗೊತ್ತಿತ್ತು. ಚಹಾ ಅಂಗಡಿಯಲ್ಲಿ ಕುಳಿತವರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಕಾಕನೊಬ್ಬರಿಗೆ ಮಾತ್ರ.

ಈ ವಿಷಯವನ್ನು ದೀನ್‌ನ ಪತ್ರಿಕೆಯಲ್ಲಿ ಬರೆಯುವ ಅಗತ್ಯವೇನು, ಇದು ಡಾಕ್ಟರರ ಅಂಕಣಕ್ಕೆ ಸೇರಿದ್ದಲ್ಲವೇ ಎಂದು ಕೆಲವರು ಕೇಳಬಹುದು. ಪ್ರವಾದಿವರ್ಯರ(ಸ) ಜೀವನವನ್ನು ಓದಿದವರು ಹಾಗೆ ಕೇಳಲಾರರು. ಸಮುದಾಯಕ್ಕೆ ಹೊರೆಯಾಗುವ ಭಯವಿಲ್ಲದಿದ್ದರೆ ಪ್ರತಿಯೊಂದು ನಮಾಝಿನ ವೇಳೆಯೂ ಮಿಸ್ವಾಕ್ ಮಾಡಬೇಕೆಂದು ಆದೇಶಿಸಿಬಿಡುತ್ತಿದ್ದೆನೆಂದು ಅವರು ಹೇಳಿರುವುದಾಗಿ ಹ. ಅಬೂಹುರೈರಾ(ರ) ವರದಿ ಮಾಡಿದ್ದಾರೆ (ಬುಖಾರಿ, ಮುಸ್ಲಿಮ್). ರಾತ್ರಿ ನಿದ್ದೆಯಿಂದ ಎದ್ದರೆ ಮೊದಲು ಮಿಸ್ವಾಕ್‌ನಿಂದ ಬಾಯಿ ಉಜ್ಜಿಕೊಳ್ಳುತ್ತಿದ್ದರೆಂದು ಹ. ಹುಝೈಫಾ(ರ) ತಿಳಿಸಿದ್ದಾರೆ. ಮನೆಗೆ ಬಂದೊಡನೆ ಅವರು ಮೊದಲು ಮಾಡುತ್ತಿದ್ದುದೇನೆಂದು ಹ. ಆಯಿಶಾರೊಡನೆ(ರ) ಕೇಳಿದಾಗ ಅವರು ಕೊಟ್ಟ ಉತ್ತರವೂ ಮಿಸ್ವಾಕ್ ಎಂದೇ (ಮುಸ್ಲಿಮ್). ಇದನ್ನು ಸ್ವಲ್ಪ ಆಲೋಚಿಸಿ ನೋಡಿ. ಹೊರಗೆ ಹೋಗುವಾಗ ಬಾಯಿ ಶುಚಿಗೊಳಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹೊರಗಿನಿಂದ ಮನೆಗೆ, ಪತ್ನಿ ಮಕ್ಕಳ ಬಳಿಗೆ ಬರುವಾಗ ಬಾಯಿ ಶುಚಿಗೊಳಿಸುವವರು ಎಷ್ಟು ಮಂದಿ?

ಆ ಪವಿತ್ರ ಜೀವನದ ಕೊನೆಯ ಗಳಿಗೆಗಳಲ್ಲೂ ಮಿಸ್ವಾಕ್ ಇತ್ತು. ಹಿಜರಿ 11ನೇ ವರ್ಷ (ಕ್ರಿ.ಶ. 632) ಅವರು ಹ. ಆಯಿಶಾರ(ರ) ಎದೆಗೊರಗಿ ಮಲಗಿದ್ದಾಗ ಹ. ಅಬ್ದುರ್ರಹ್ಮಾನ್ ಬಿನ್ ಅಬೂಬಕರ್(ರ) ಒಳಗೆ ಬಂದರು. ಅವರ ಕೈಯಲ್ಲೊಂದು ಹಸಿ ಮಿಸ್ವಾಕ್ ಇತ್ತು. ಪ್ರವಾದಿವರ್ಯರ(ಸ) ದೃಷ್ಟಿ ಅದರ ಮೇಲೆ ನೆಟ್ಟಿತು. ಮಾತನಾಡುವ ಶಕ್ತಿ ಕುಂದಿತ್ತು. ಬೇಕೇ ಎಂದು ಆಯಿಶಾ(ರ) ಕೇಳಿದಾಗ ತಲೆಯಾಡಿಸಿದರು. ಅವರು ಅದನ್ನು ತನ್ನ ಹಲ್ಲಿನಿಂದ ಜಗಿದು ಮೆದುಗೊಳಿಸಿ ಕೊಟ್ಟರು. ಅದರಿಂದ ಅವರು ಚೆನ್ನಾಗಿ ಹಲ್ಲುಜ್ಜಿಕೊಂಡರು (ಬುಖಾರಿ). ತನ್ನ ಪ್ರಭುವಿನ ಭೇಟಿಗೆ ಹೊರಟವರು ಬಾಯಿ ಶುಚಿಗೊಳಿಸಿಕೊಂಡು ಹೊರಟರು.

ಇನ್ನು ಬೆಳ್ಳುಳ್ಳಿಯ ವಿಷಯ. ಹಿಜರಿ 7ನೇ ವರ್ಷ ಖೈಬರ್‌ನಲ್ಲಿ ಹಸಿದಿದ್ದ ಸಹಾಬಿಗಳು ಹಸಿ ಬೆಳ್ಳುಳ್ಳಿಯನ್ನು ಹೊಟ್ಟೆ ತುಂಬ ತಿಂದು ಮಸೀದಿಗೆ ಬಂದರು. ಪ್ರವಾದಿವರ್ಯರಿಗೆ(ಸ) ಅದರ ವಾಸನೆ ತಿಳಿಯಿತು. ಇದನ್ನು ತಿಂದವರು ನಮ್ಮ ಮಸೀದಿಯ ಬಳಿ ಬರಬಾರದೆಂದು ಹೇಳಿದರು. ಬೆಳ್ಳುಳ್ಳಿ ಹರಾಮ್ ಆಯಿತೆಂದು ಜನರು ಮಾತನಾಡಿಕೊಂಡರು. ಆ ಸುದ್ದಿ ಕಿವಿಗೆ ಬಿದ್ದಾಗ ಅವರು, ಅಲ್ಲಾಹನು ಹಲಾಲ್ ಮಾಡಿದ್ದನ್ನು ಹರಾಮ್ ಮಾಡಲು ನನಗೆ ಅಧಿಕಾರವಿಲ್ಲ, ಅದರ ವಾಸನೆ ನನಗೆ ಹಿಡಿಸುವುದಿಲ್ಲ ಅಷ್ಟೇ ಎಂಬರ್ಥದಲ್ಲಿ ಸ್ಪಷ್ಟಪಡಿಸಿದರು (ಮುಸ್ಲಿಮ್). ಹ. ಜಾಬಿರ್(ರ) ವರದಿ ಮಾಡಿದ ಹದೀಸಿನಲ್ಲಿ ಕಾರಣವನ್ನೂ ತಿಳಿಸಲಾಗಿದೆ: ಮನುಷ್ಯರಿಗೆ ಯಾವುದರಿಂದ ತೊಂದರೆಯಾಗುತ್ತದೋ ಅದರಿಂದ ಮಲಕ್‌ಗಳಿಗೂ ತೊಂದರೆಯಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಇದು. ತಿಂದ ವಸ್ತು ಹಲಾಲ್. ಹೋದ ಸ್ಥಳ ಮಸೀದಿ. ಹೋದ ಉದ್ದೇಶ ಇಬಾದತ್. ಮೂರರಲ್ಲೂ ದೋಷವಿಲ್ಲ. ಆದರೂ ಪಕ್ಕದವನಿಗೆ ಕಷ್ಟವಾಗುತ್ತದೆಂಬ ಒಂದೇ ಕಾರಣಕ್ಕೆ ತಡೆಯಲಾಯಿತು. ಹೀಗಾಗಿ ಬಾಯಿಯ ವಾಸನೆ ಒಬ್ಬನ ಸ್ವಂತ ವಿಷಯವಾಗಿ ಉಳಿಯಲಿಲ್ಲ, ದಾಸರ ಹಕ್ಕಿನ ವಿಷಯವಾಯಿತು. ಮುಂದೆ ಹ. ಉಮರ್(ರ) ಒಂದು ಖುತ್ಬಾದಲ್ಲಿ, ಈರುಳ್ಳಿ ಬೆಳ್ಳುಳ್ಳಿ ತಿನ್ನಲೇಬೇಕಾದರೆ ಬೇಯಿಸಿ ಅದರ ವಾಸನೆಯನ್ನು ಸಾಯಿಸಿ ತಿನ್ನಿರೆಂದು ಸಲಹೆ ನೀಡಿದರು (ಮುಸ್ಲಿಮ್). ಬೆಳ್ಳುಳ್ಳಿಯನ್ನು ಹಸಿಯಾಗಿ ಜಜ್ಜಿದಾಗ ಅಥವಾ ಜಗಿದಾಗ ಅದರೊಳಗಿನ ಒಂದು ಕಿಣ್ವ ಕೆಲಸ ಮಾಡಿ ಗಂಧಕದ ಸಂಯುಕ್ತಗಳು ಹುಟ್ಟುತ್ತವೆ. ಇಡೀ ಎಸಳನ್ನು ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ಹಸಿಯಾಗಿ ತಿಂದವನು ಎಷ್ಟೇ ಹಲ್ಲುಜ್ಜಿದರೂ ವಾಸನೆ ಪೂರ್ತಿ ಹೋಗುವುದಿಲ್ಲ. ಏಕೆಂದರೆ ಆ ಸಂಯುಕ್ತಗಳಲ್ಲೊಂದು ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಬಹಳ ಗಂಟೆಗಳ ಕಾಲ ಹೊರಬರುತ್ತಿರುತ್ತದೆ. ರಕ್ತದೊತ್ತಡಕ್ಕೆಂದು ಬೆಳಿಗ್ಗೆ ಹಸಿ ಬೆಳ್ಳುಳ್ಳಿ ನುಂಗುವವರು ಜುಮಾದ ದಿನ ಇದನ್ನು ನೆನಪಿಟ್ಟುಕೊಳ್ಳಲಿ.

ಆದರೆ ಬೆಳ್ಳುಳ್ಳಿಯ ವಾಸನೆ ನಾಳೆ ಹೋಗುತ್ತದೆ. ತಿಂಗಳಾನುಗಟ್ಟಲೆ, ವರ್ಷಾನುಗಟ್ಟಲೆ ಇರುವ ದುರ್ವಾಸನೆ ಎಲ್ಲಿಂದ ಬರುತ್ತದೆ?

ಹೊಟ್ಟೆಯಿಂದ ಎಂದು ನಮ್ಮವರಲ್ಲಿ ಹೆಚ್ಚಿನವರು ನಂಬಿದ್ದಾರೆ. ಗ್ಯಾಸಿನ ಮಾತ್ರೆ ನುಂಗುತ್ತಾರೆ, ಜೀರಿಗೆ ಕಷಾಯ ಕುಡಿಯುತ್ತಾರೆ. ಅನ್ನನಾಳ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುವುದರಿಂದ ಹೊಟ್ಟೆಯ ವಾಸನೆ ಉಸಿರಿಗೆ ಬರುವುದು ಅಪರೂಪ. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿಯಲ್ಲಿ ಕಾರಣ ಬಾಯಿಯೊಳಗೇ ಇರುತ್ತದೆ. ನಾಲಿಗೆಯ ಹಿಂಭಾಗದಲ್ಲಿ, ಒಸಡಿನ ಸಂದುಗಳಲ್ಲಿ, ಗಾಳಿಯಾಡದ ಕಡೆ ಸೂಕ್ಷ್ಮ ಜೀವಿಗಳು ಮನೆಮಾಡಿಕೊಂಡಿರುತ್ತವೆ. ಉಳಿದ ಆಹಾರವನ್ನೂ ಉದುರಿದ ಜೀವಕೋಶಗಳನ್ನೂ ಅವು ಕೊಳೆಯಿಸುತ್ತವೆ. ಆಗ ಹುಟ್ಟುವ ಗಂಧಕದ ಅನಿಲಗಳೇ ದುರ್ವಾಸನೆ. ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ ಅನಿಲವೂ ಅವುಗಳಲ್ಲೊಂದು.

ಇವುಗಳನ್ನು ಅಂಕೆಯಲ್ಲಿಡಲು ಅಲ್ಲಾಹನು ನಮ್ಮ ಬಾಯಿಗೆ ಜೊಲ್ಲನ್ನು ಕೊಟ್ಟಿದ್ದಾನೆ. ಅದು ಹಗಲಿಡೀ ಬಾಯಿಯನ್ನು ತೊಳೆಯುತ್ತಲೇ ಇರುತ್ತದೆ. ನಿದ್ದೆಯಲ್ಲಿ ಅದು ತೀರಾ ಕಡಿಮೆಯಾಗುವುದರಿಂದಲೇ ಬೆಳಿಗ್ಗೆ ಎದ್ದಾಗ ಯಾರ ಬಾಯಿಯೂ ಪರಿಮಳ ಬೀರುವುದಿಲ್ಲ. ಪ್ರವಾದಿವರ್ಯರು(ಸ) ಎದ್ದೊಡನೆ ಮಿಸ್ವಾಕ್‌ಗೆ ಕೈಹಾಕುತ್ತಿದ್ದುದನ್ನು ಇಲ್ಲಿ ನೆನಪಿಸಿಕೊಳ್ಳಿ. ಬಾಯಿಯಿಂದ ಉಸಿರಾಡುವವರಲ್ಲಿ, ನೀರು ಕಡಿಮೆ ಕುಡಿಯುವವರಲ್ಲಿ, ರಕ್ತದೊತ್ತಡಕ್ಕೋ ಅಲರ್ಜಿಗೋ ಮನೋರೋಗಕ್ಕೋ ಕೆಲವು ಮಾತ್ರೆಗಳನ್ನು ಸೇವಿಸುವವರಲ್ಲಿ ಹಗಲಲ್ಲೂ ಬಾಯಿ ಒಣಗುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡದೆ ಮಲಗುವ ಹಿರಿಯರಲ್ಲೂ ಈ ತೊಂದರೆ ಹೆಚ್ಚು. ಹುಳುಕು ಹಲ್ಲು, ಟಾನ್ಸಿಲ್, ಸೈನಸ್ ಇತ್ಯಾದಿಗಳೂ ಕಾರಣವಾಗುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಒಸಡಿನ ರೋಗ ಬೇಗ ಬೆಳೆಯುತ್ತದೆ. ಅವರ ಉಸಿರಿನಲ್ಲಿ ಹಣ್ಣು ಹುದುಗಿದಂತಹ ಸಿಹಿವಾಸನೆ ಬಂದು, ಜೊತೆಗೆ ವಾಂತಿ, ಮಂಪರು ಇದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು. ಮೂತ್ರಪಿಂಡ ಕೆಟ್ಟವರ ಉಸಿರಿನಲ್ಲಿ ಮೂತ್ರದಂತಹ ವಾಸನೆ ಬರುವುದುಂಟು. ಹೀಗೆ ಕೆಲವೊಮ್ಮೆ ವಾಸನೆಯೇ ರೋಗದ ಮೊದಲ ಸುದ್ದಿಗಾರನಾಗುತ್ತದೆ.

ಒಸಡಿನ ರೋಗದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ನಿರ್ಲಕ್ಷಿಸಲ್ಪಡುವ ಕಾಯಿಲೆ ಅದುವೇ. ಹಲ್ಲುಜ್ಜುವಾಗ ರಕ್ತ ಬಂದರೆ ಉಜ್ಜುವುದನ್ನೇ ನಿಲ್ಲಿಸುತ್ತಾರೆ. ಹಲ್ಲಿನ ಬುಡದಲ್ಲಿ ಪಾಚಿ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ. ಆ ಕಲ್ಲನ್ನು ಬ್ರಶ್ಶಾಗಲಿ ಮಿಸ್ವಾಕ್ ಆಗಲಿ ತೆಗೆಯಲಾರದು, ಡಾಕ್ಟರರೇ ತೆಗೆಯಬೇಕು. ಹಾಗೆ ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಮಾತು ಊರೂರುಗಳಲ್ಲಿ ಹಬ್ಬಿದೆ. ಅದು ತಪ್ಪು. ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಕಲ್ಲು ಅದನ್ನು ಹಿಡಿದುಕೊಂಡಿರುತ್ತದೆ. ಕಲ್ಲು ಹೋದಾಗ ನಮಗೆ ತಿಳಿಯುತ್ತದೆ, ಅಷ್ಟೇ.

ಇನ್ನು ಮುಂಡಾಜೆಯಂತಹ ಊರುಗಳ ವಿಶೇಷ ಕಾರಣಕ್ಕೆ ಬರುತ್ತೇನೆ. ಇದನ್ನು ಬರೆಯುವಾಗ ಸಂಕೋಚವಾಗುತ್ತದೆ. ಬೆಳ್ತಂಗಡಿ, ಬಂಟ್ವಾಳದ ಕಡೆಯ ಎಷ್ಟೋ ಮನೆಗಳ ಅನ್ನ ಬರುವುದೇ ಅಡಿಕೆಯಿಂದ. ತೋಟವಿದ್ದವರಿಗೆ ತೋಟದಿಂದ, ಇಲ್ಲದವರಿಗೆ ಕೊಯ್ಯುವುದು, ಸುಲಿಯುವುದು, ಮದ್ದು ಬಿಡುವುದು, ವ್ಯಾಪಾರ ಇವುಗಳಿಂದ. ಮಸೀದಿಗೆ ಸಂಗ್ರಹವಾಗುವ ಚಂದಾ ಹಣದಲ್ಲೂ ಅಡಿಕೆಯ ಪಾಲಿದೆ. ಆದರೂ ಸತ್ಯವನ್ನು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಬೆರೆಸಿದ ಎಲೆಯಡಿಕೆ ಜಗಿಯುವುದರಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆಂದು ತೀರ್ಮಾನಿಸಿತು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಬರಿಯ ಅಡಿಕೆಯನ್ನೂ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದೇ ಪಟ್ಟಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಅವರ ಆತಂಕ ಅರ್ಥವಾಗುವಂತಹದ್ದೇ. ಆದರೆ ಬಾಯಿ ತೆರೆಯಲಾಗದೆ ಡಾಕ್ಟರರ ಮುಂದೆ ಕುಳಿತವನಿಗೆ ಆ ವಾದದಿಂದ ಪ್ರಯೋಜನವಿಲ್ಲ.

ಅಡಿಕೆ ಜಗಿಯುತ್ತಾ ಹೋದಂತೆ ಕೆಲವರಲ್ಲಿ ಕೆನ್ನೆಯ ಒಳಗಿನ ಪದರ ಗಟ್ಟಿಯಾಗುತ್ತದೆ, ಬಿಳಿಚಿಕೊಳ್ಳುತ್ತದೆ. ಮೊದಲು ಖಾರ ತಿಂದಾಗ ಉರಿ. ಬರಬರುತ್ತಾ ಬಾಯಿ ತೆರೆಯುವುದೇ ಕಷ್ಟ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಯೊಳಗೆ ಹಾಕಿ ನೋಡಿ. ಹೋಗದಿದ್ದರೆ ತಡಮಾಡಬೇಡಿ. ಬಾಯಿ ತೆರೆಯದವನು ಹಿಂದಿನ ಹಲ್ಲುಗಳನ್ನು ಉಜ್ಜುವುದಾದರೂ ಹೇಗೆ? ಅಲ್ಲಿ ಕೊಳೆ ನಿಲ್ಲುತ್ತದೆ, ವಾಸನೆ ಬರುತ್ತದೆ. ಆ ವಾಸನೆ ಮರೆಯಾಗಲೆಂದು ಅವನು ಇನ್ನೊಂದು ಎಲೆ ಹಾಕಿಕೊಳ್ಳುತ್ತಾನೆ. ಹೀಗೆ ಮದ್ದೆಂದು ತಿಳಿದದ್ದೇ ರೋಗವನ್ನು ಬೆಳೆಸುತ್ತದೆ.

ಬೀಡಿಯದ್ದೂ ಇದೇ ಕಥೆ. ನಮ್ಮ ಜಿಲ್ಲೆಯ ಎಷ್ಟೋ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ, ಹೆಣ್ಣುಮಕ್ಕಳ ಮದುವೆ ಮಾಡಿದ್ದಾರೆ. ಅವರ ದುಡಿಮೆಗೆ ಗೌರವವಿರಲಿ. ಆದರೆ ಸೇದುವವನ ಬಾಯಿ ಒಣಗುತ್ತದೆ, ಒಸಡು ಕೆಡುತ್ತದೆ. ಗುಟ್ಕಾವನ್ನು ಕರ್ನಾಟಕ ಸರಕಾರ 2013ರ ಮೇ ತಿಂಗಳಲ್ಲಿ ನಿಷೇಧಿಸಿತು. ಪಾನ್ ಮಸಾಲದ ಒಂದು ಪೊಟ್ಟಣ, ಹೊಗೆಸೊಪ್ಪಿನ ಇನ್ನೊಂದು ಪೊಟ್ಟಣ ಎಂದು ಬೇರೆ ಬೇರೆ ಕೊಂಡು ಅಂಗೈಯಲ್ಲಿ ಬೆರೆಸುವ ಉಪಾಯವನ್ನು ನಮ್ಮ ಯುವಕರಿಗೆ ಯಾರೂ ಕಲಿಸಬೇಕಾಗಲಿಲ್ಲ. ಬೆಳ್ಳುಳ್ಳಿ ತಿಂದವನನ್ನೇ ಮಸೀದಿಯಿಂದ ದೂರವಿಟ್ಟ ದೀನ್‌ನಲ್ಲಿ, ಮಸೀದಿಯ ಗೇಟಿನ ಬಳಿ ಅದನ್ನು ಉಗುಳಿ ಒಳಗೆ ಬರುವವನ ಸ್ಥಾನವೇನೆಂದು ಅವನೇ ತೀರ್ಮಾನಿಸಲಿ.

ಈಗ ಕಾಕನ ಬಳಿಗೆ ಮರಳೋಣ. ನಮಗೆಲ್ಲರಿಗೂ ಗೊತ್ತಿತ್ತೆಂದು ಹೇಳಿದೆನಲ್ಲವೇ? ನಾವೇನು ಮಾಡಿದೆವು? ಅವರ ಬೆನ್ನ ಹಿಂದೆ ಮಾತನಾಡಿದೆವು. ಹುಡುಗರು ಅವರಿಗೊಂದು ಅಡ್ಡಹೆಸರಿಟ್ಟಿದ್ದರು. ಅದನ್ನು ಕೇಳಿ ನಾನೂ ಒಮ್ಮೆ ನಕ್ಕಿದ್ದೇನೆ, ಅಲ್ಲಾಹನು ಕ್ಷಮಿಸಲಿ. ಪರಸ್ಪರ ಗೇಲಿ ಮಾಡುವುದನ್ನೂ ಅಡ್ಡಹೆಸರಿಡುವುದನ್ನೂ ಪವಿತ್ರ ಕುರ್‌ಆನ್ ಸೂರಃ ಅಲ್ ಹುಜುರಾತ್‌ನಲ್ಲಿ ನಿಷೇಧಿಸಿದೆ. ಅದರ ಬೆನ್ನಿಗೇ ಬರುವ ಸೂಕ್ತದಲ್ಲಿ ಪರದೂಷಣೆಯನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದೆ. ಒಮ್ಮೆ ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ದುರ್ವಾಸನೆಯ ಗಾಳಿಯೊಂದು ಬೀಸಿತು. ಇದು ಸತ್ಯವಿಶ್ವಾಸಿಗಳ ಬಗ್ಗೆ ಪರದೂಷಣೆ ಮಾಡುವವರ ಗಾಳಿಯೆಂದು ಅವರು ಹೇಳಿದರೆಂಬ ವರದಿ ಮುಸ್ನದ್ ಅಹ್ಮದ್‌ನಲ್ಲಿದೆ. ಚಹಾ ಅಂಗಡಿಯಲ್ಲಿ ಕುಳಿತು ಒಬ್ಬನ ಬಾಯಿಯ ವಾಸನೆಯನ್ನು ವರ್ಣಿಸುತ್ತಿದ್ದ ನಮ್ಮ ಬಾಯಿಗಳ ವಾಸನೆ ಹೇಗಿದ್ದಿರಬೇಕು!

ಹೇಳಬೇಕಾದದ್ದನ್ನು ಹೇಳಬೇಕಾದವನಿಗೇ ಹೇಳುವುದು ನಸೀಹತ್. ಬೇರೆಯವರಿಗೆ ಹೇಳಿದರೆ ಅದೇ ಮಾತು ಗೀಬತ್ ಆಗುತ್ತದೆ. ವಿಶ್ವಾಸಿಯು ವಿಶ್ವಾಸಿಗೆ ಕನ್ನಡಿಯೆಂಬ ಪ್ರವಾದಿ ವಚನ (ಅಬೂದಾವೂದ್) ನಮಗೆಲ್ಲಾ ಬಾಯಿಪಾಠ. ಕನ್ನಡಿ ಎದುರು ನಿಂತವನಿಗೆ ಮಾತ್ರ ಕಲೆಯನ್ನು ತೋರಿಸುತ್ತದೆ, ಅವನು ಹೋದ ಮೇಲೆ ಮುಂದಿನವನಿಗೆ ಹಿಂದಿನವನ ಮುಖ ತೋರಿಸುವುದಿಲ್ಲ. ಈ ವಿಷಯದಲ್ಲಿ ಕನ್ನಡಿಯ ಅಗತ್ಯ ಇನ್ನೂ ಹೆಚ್ಚು. ಏಕೆಂದರೆ ತನ್ನ ಬಾಯಿಯ ವಾಸನೆ ತನಗೆ ತಿಳಿಯುವುದಿಲ್ಲ, ಸದಾ ಇರುವ ವಾಸನೆಗೆ ಮೂಗು ಒಗ್ಗಿಬಿಡುತ್ತದೆ.

ಕೊನೆಗೂ ನಾನು ಹೇಳಲು ಹೊರಟದ್ದು ನನ್ನ ಧೈರ್ಯದಿಂದಲ್ಲ. ಒಂದು ಸಂಜೆ ಕಾಕನೇ ಬಂದು ಕುಳಿತು, ಐದು ವರ್ಷದ ಮೊಮ್ಮಗಳು ಈಗೀಗ ತನ್ನ ಮಡಿಲಿಗೆ ಬರುವುದಿಲ್ಲ, ಮುದ್ದು ಮಾಡಲು ಹೋದರೆ ಮುಖ ತಿರುಗಿಸುತ್ತಾಳೆ, ಮಗುವಿಗೆ ಏನೋ ದೃಷ್ಟಿ ತಾಗಿರಬೇಕು, ಒಂದು ನೂಲು ಮಂತ್ರಿಸಿ ಕೊಡಿ ಎಂದರು. ನನಗೆ ಇನ್ನು ಸುಮ್ಮನಿರಲಾಗಲಿಲ್ಲ.

"ಕಾಕಾ, ಒಂದು ಮಾತು ಹೇಳಲಿಕ್ಕುಂಟು. ಬೇಸರ ಮಾಡಬಾರದು."

"ಹೇಳಿ ಉಸ್ತಾದರೇ."

"ಮಗುವಿಗೆ ಏನೂ ಆಗಲಿಲ್ಲ. ನಿಮ್ಮ ಬಾಯಿಯಲ್ಲಿ ವಾಸನೆ ಉಂಟು. ಹಲ್ಲಿನ ಡಾಕ್ಟರರಿಗೆ ಒಮ್ಮೆ ತೋರಿಸಬೇಕು."

ಅವರು ಕೈಯನ್ನು ಬಾಯಿಗೆ ಅಡ್ಡ ಹಿಡಿದರು. ಬಹಳ ಹೊತ್ತು ಏನೂ ಹೇಳಲಿಲ್ಲ.

"ಎಷ್ಟು ಸಮಯದಿಂದ ಉಂಟು?"

"ಎರಡು ವರ್ಷ ಆಗಿರಬಹುದು ಕಾಕಾ."

"ಎರಡು ವರ್ಷದಿಂದ ನಿಮಗೆ ಗೊತ್ತಿತ್ತಾ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಅಲ್ಲಾಹನ ಮುಂದೆಯೂ ಇರಲಾರದು.

ಮರುವಾರ ಅವರ ಮಗ ಅವರನ್ನು ಮಂಗಳೂರಿನ ಒಂದು ದಂತ ಕಾಲೇಜಿಗೆ ಕರೆದೊಯ್ದ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ತಾನು ಸಣ್ಣ ತುತ್ತು ಉಣ್ಣುವುದು ಪ್ರಾಯದಿಂದೆಂದು ಅವರು ತಿಳಿದುಕೊಂಡಿದ್ದರಂತೆ. ಒಸಡಿನಲ್ಲಿ ಕೀವು ತುಂಬಿತ್ತು, ನಾಲ್ಕು ಹಲ್ಲುಗಳನ್ನು ಕೀಳಬೇಕಾಯಿತು. ಕೆನ್ನೆಯೊಳಗಿನ ಬಿಳಿ ಕಲೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಅಲ್‌ಹಮ್ದುಲಿಲ್ಲಾಹ್, ಕ್ಯಾನ್ಸರ್ ಇರಲಿಲ್ಲ. ಆದರೆ ಗಟ್ಟಿಯಾದ ಕೆನ್ನೆ ಮೊದಲಿನಂತಾಗದು, ಎಲೆಯಡಿಕೆ ಇಂದೇ ಬಿಡಬೇಕು, ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು, ಎರಡು ವರ್ಷ ಮುಂಚೆ ಬಂದಿದ್ದರೆ ಇನ್ನಷ್ಟು ಉಳಿಸಬಹುದಿತ್ತು ಎಂದರು ಡಾಕ್ಟರರು. ಆ ಎರಡು ವರ್ಷ ಯಾರ ಲೆಕ್ಕಕ್ಕೆ ಸೇರುತ್ತದೆಂಬುದು ನನಗೆ ಗೊತ್ತಿದೆ.

ಹೇಳುವುದು ಕಷ್ಟವೆಂಬುದು ನಿಜ. ಎಲ್ಲಕ್ಕಿಂತ ಕಷ್ಟ ಗಂಡ ಹೆಂಡತಿಯ ನಡುವೆ. ಎಷ್ಟೋ ಸಹೋದರಿಯರು ಗಂಡನ ಬೀಡಿಯ, ಹೊಗೆಸೊಪ್ಪಿನ ವಾಸನೆಯನ್ನು ಜೀವಮಾನವಿಡೀ ಸಹಿಸಿಕೊಂಡು ಮೌನವಾಗಿರುತ್ತಾರೆ. ಅದನ್ನು ಸಬ್ರ್ ಎಂದುಕೊಳ್ಳುತ್ತಾರೆ. ಪತ್ನಿ ತನಗಾಗಿ ಅಲಂಕರಿಸಿಕೊಳ್ಳುವುದು ಇಷ್ಟವಾಗುವಂತೆಯೇ ತಾನೂ ಅವಳಿಗಾಗಿ ಅಲಂಕರಿಸಿಕೊಳ್ಳಲು ಇಷ್ಟಪಡುತ್ತೇನೆಂದು ಹ. ಇಬ್ನು ಅಬ್ಬಾಸ್(ರ) ಹೇಳಿರುವುದಾಗಿ ತಫ್ಸೀರ್ ಗ್ರಂಥಗಳಲ್ಲಿದೆ. ಸ್ತ್ರೀಯರಿಗೆ ಹೊಣೆಗಳಿರುವಂತೆ ಹಕ್ಕುಗಳೂ ಇವೆಯೆಂಬ ಅಲ್ ಬಕರಃದ ಸೂಕ್ತವನ್ನೇ ಅವರು ಅದಕ್ಕೆ ಆಧಾರವಾಗಿ ಎತ್ತಿಕೊಂಡರು. ಸಹೋದರಿಯರೇ, ಏಕಾಂತದಲ್ಲಿ, ಮೃದುವಾಗಿ, ಜಗಳದ ನಡುವೆ ಅಲ್ಲದೆ, ಹೇಳಿಬಿಡಿ. ಸಹೋದರರೇ, ನೀವೇ ಮೊದಲು ಕೇಳಿಬಿಡಿ.

ಕೇಳಲು ನಾಚಿಕೆಯಾದರೆ ಮುಂಗೈಯನ್ನು ನಾಲಿಗೆಯಿಂದ ಒಮ್ಮೆ ನೆಕ್ಕಿ, ಸ್ವಲ್ಪ ಆರಿದ ಮೇಲೆ ಮೂಸಿ ನೋಡಿ. ಅಥವಾ ಒಂದು ಚಮಚವನ್ನು ಬೋರಲು ಹಿಡಿದು ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಕೆರೆದು ಮೂಸಿ. ನಾಲಿಗೆ ಶುಚಿಗೊಳಿಸುವುದನ್ನು ನಮ್ಮಲ್ಲಿ ಅರ್ಧದಷ್ಟು ಜನ ಮರೆಯುತ್ತಾರೆ. ಪ್ರವಾದಿವರ್ಯರು(ಸ) ಮಿಸ್ವಾಕ್‌ನ ತುದಿಯನ್ನು ನಾಲಿಗೆಯ ಮೇಲಿಟ್ಟು ಉಜ್ಜಿಕೊಳ್ಳುತ್ತಿದ್ದುದನ್ನು ಹ. ಅಬೂ ಮೂಸಲ್ ಅಶ್‌ಅರಿ(ರ) ಕಣ್ಣಾರೆ ಕಂಡಿದ್ದಾರೆ. ದಿನಕ್ಕೆ ಎರಡು ಬಾರಿ ಬ್ರಶ್, ಅದರಲ್ಲೂ ರಾತ್ರಿ ಮಲಗುವ ಮುಂಚೆ ತಪ್ಪದೆ. ವುಝೂ ಮಾಡುವಾಗ ನೀರನ್ನು ಬಾಯಿಗೆ ಹಾಕಿ ತಕ್ಷಣ ಉಗುಳದೆ ಎಲ್ಲ ಕಡೆ ಸುತ್ತಾಡಿಸಿ ಮುಕ್ಕಳಿಸಿ. ಐದು ಹೊತ್ತಿಗೆ ಮೂರು ಸಲದಂತೆ ಹದಿನೈದು ಬಾರಿ ಬಾಯಿ ತೊಳೆಯುವ ಅವಕಾಶ ಯಾವ ಖರ್ಚೂ ಇಲ್ಲದೆ ನಮಗೆ ಸಿಕ್ಕಿದೆ. ಹಜ್‌ನಿಂದ ಬಂದವರು ಕೊಟ್ಟ ಮಿಸ್ವಾಕನ್ನು ಬರ್ಕತ್‌ಗೆಂದು ಕಪಾಟಿನಲ್ಲಿಟ್ಟರೆ ಸಾಲದು, ಬಾಯಿಗೆ ಹಾಕಬೇಕು. ತುದಿ ಹಳತಾದಾಗ ಕತ್ತರಿಸಬೇಕು. ಎಷ್ಟು ಶುಚಿಗೊಳಿಸಿದರೂ ವಾಸನೆ ಹೋಗದಿದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ಏಲಕ್ಕಿ, ಲವಂಗದಿಂದ ಮುಚ್ಚಿಡಬೇಡಿ, ಡಾಕ್ಟರರಿಗೆ ತೋರಿಸಿ.

ಉಪವಾಸಿಗನ ಬಾಯಿಯ ವಾಸನೆ ಅಲ್ಲಾಹನ ಬಳಿ ಕಸ್ತೂರಿಗಿಂತ ಮಿಗಿಲೆಂಬ ಹದೀಸನ್ನು (ಬುಖಾರಿ, ಮುಸ್ಲಿಮ್) ಮುಂದಿಟ್ಟು ರಮಝಾನಿನಲ್ಲಿ ಬಾಯಿ ತೊಳೆಯದವರನ್ನೂ ಕಂಡಿದ್ದೇನೆ. ಹಸಿವು ಬಾಯಾರಿಕೆಯಿಂದ ಹುಟ್ಟಿದ ವಾಸನೆಗೆ ದೊರೆತ ಗೌರವ ಅದು. ಸಹರಿಗೆ ಉಂಡ ಮೀನು ಹಲ್ಲಿನ ಸಂದಿಯಲ್ಲಿ ಕೊಳೆತ ವಾಸನೆಗಲ್ಲ. ಉಪವಾಸಿಗನು ಮಧ್ಯಾಹ್ನದ ಬಳಿಕ ಮಿಸ್ವಾಕ್ ಮಾಡುವುದು ಶಾಫಿಈ ಮದ್ಹಬ್‌ನ ಪ್ರಸಿದ್ಧ ಅಭಿಪ್ರಾಯದಂತೆ ಕರಾಹತ್. ಹನಫಿಗಳಲ್ಲಿ ಹಾಗಿಲ್ಲ. ಎರಡೂ ಮದ್ಹಬ್‌ನವರು ಸಹರಿ ಉಂಡ ಮೇಲೆ ಸುಬ್‌ಹಿಗೆ ಮುಂಚೆ ಹಲ್ಲು ನಾಲಿಗೆ ಉಜ್ಜಲು ಯಾವ ಅಡ್ಡಿಯೂ ಇಲ್ಲ. ಉಂಡು ನೇರ ಹಾಸಿಗೆಗೆ ಹೋಗುವುದೇ ನಮ್ಮ ರೋಗ.

ಇನ್ನೊಂದು ಮಾತು. ಎಷ್ಟು ಮದ್ದು ಮಾಡಿದರೂ ವಾಸನೆ ಹೋಗದ ರೋಗಿಗಳಿರುತ್ತಾರೆ. ಅಂತಹವರನ್ನೂ ಬೆಳ್ಳುಳ್ಳಿಯ ನಿಯಮಕ್ಕೆ ಸೇರಿಸಿದ ಪೂರ್ವಿಕ ವಿದ್ವಾಂಸರ ಮಾತನ್ನು ಇಮಾಮ್ ನವವಿ(ರ) ಸಹೀಹ್ ಮುಸ್ಲಿಮ್‌ನ ವ್ಯಾಖ್ಯಾನದಲ್ಲಿ ದಾಖಲಿಸಿದ್ದಾರೆ. ಜಮಾಅತ್‌ಗೆ ಬರಲಾಗದಿದ್ದರೆ ಅದು ಅವರಿಗೆ ಉಝ್ರ್, ರಿಯಾಯಿತಿ. ಅದನ್ನು ಹಿಡಿದುಕೊಂಡು ಅವರನ್ನು ಅಟ್ಟಲು ನಮಗೆ ಕೊಟ್ಟ ಬೆತ್ತವೆಂದು ಭಾವಿಸಬಾರದು.

ಕಾಕ ಎಲೆಯಡಿಕೆಯ ತಟ್ಟೆಯನ್ನು ಮನೆಯಿಂದಲೇ ತೆಗೆಸಿದರು. ಬಾಯಿ ಹೆಚ್ಚು ತೆರೆಯದ ಕಾರಣ ಚಿಕ್ಕ ಮಕ್ಕಳ ಬ್ರಶ್‌ನಲ್ಲಿ ಹಲ್ಲುಜ್ಜುತ್ತಾರೆ. ಮೊಮ್ಮಗಳದ್ದೂ ಅವರದ್ದೂ ಒಂದೇ ಅಳತೆಯ ಬ್ರಶ್, ಬಣ್ಣ ಮಾತ್ರ ಬೇರೆ. ನಾನು ಆ ಊರು ಬಿಡುವ ಹೊತ್ತಿಗೆ ಅವರು ಮೊದಲ ಸಫ್‌ಗೆ ಬಂದಿದ್ದರು. ಇಕಾಮತ್‌ಗೆ ಮುಂಚೆ ಪ್ರತಿದಿನ ನನ್ನ ಬಳಿ ಬಂದು ಕಿವಿಯ ಹತ್ತಿರ ಬಾಗಿ ಕೇಳುತ್ತಿದ್ದರು, "ಉಸ್ತಾದರೇ, ಈಗ ಉಂಟಾ?" ಒಂದು ದಿನ ನಾನು ಇದ್ದದ್ದನ್ನೇ ಹೇಳಿದೆ, "ಸ್ವಲ್ಪ ಉಂಟು ಕಾಕಾ." ಅವರು ಹೌಝ್‌ನ ಕಡೆ ಎರಡು ಹೆಜ್ಜೆ ಹಾಕಿದವರು ತಿರುಗಿ ನಿಂತರು. "ನಿಮ್ಮದೂ ಉಂಟು ಉಸ್ತಾದರೇ, ಬನ್ನಿ" ಎಂದರು. ಇಬ್ಬರೂ ಹೋಗಿ ಮುಕ್ಕಳಿಸಿ ಬಂದೆವು.